ಹೆಸರು, ಉಡುಪು ಬದಲಿಸಿ ಎಂದು ಕೇಳುವ ಮಗು: ನಿರ್ಧಾರ ಯಾರದು?

ಗಂಡು ಎಂದು ಬೆಳೆಸಿದ ಮಗು ಎಂಟು ಹತ್ತು ವರ್ಷಕ್ಕೆ ಬಂದಾಗ ‘ನಾನು ಹುಡುಗಿ, ಹಾಗೇ ಕರೆಯಿರಿ’ ಎನ್ನತೊಡಗುತ್ತದೆ. ಅಥವಾ ಹೆಣ್ಣು ಎಂದು ಬೆಳೆಸಿದ ಮಗು ಜಡೆ ಕತ್ತರಿಸಿಕೊಂಡು, ಅಣ್ಣನ ಅಂಗಿ ತೊಟ್ಟು ‘ನಾನು ಹುಡುಗ’ ಎನ್ನುತ್ತದೆ. ಒಂದು ದಿನದ ಆಟವಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷ ಕಳೆದರೂ ಮಗು ಅದೇ ಮಾತು ಹೇಳುತ್ತಿದ್ದರೆ ತಂದೆತಾಯಿ ಏನು ಮಾಡಬೇಕು? ಶಾಲೆ ಏನು ಮಾಡಬೇಕು?

ಮಗು ಕೇಳಿದ ಹೆಸರಿನಿಂದ ಕರೆಯುವುದು, ಕೇಳಿದ ಉಡುಪು ಕೊಡಿಸುವುದು, ‘ಬಂದ’ ಎನ್ನುವ ಕಡೆ ‘ಬಂದಳು’ ಎನ್ನುವುದು, ಇಷ್ಟಕ್ಕೆ ಸೋಶಿಯಲ್ ಟ್ರಾನ್ಸಿಶನ್ ಎನ್ನುತ್ತಾರೆ. ಕನ್ನಡದಲ್ಲಿ ಸಾಮಾಜಿಕ ಪರಿವರ್ತನೆ ಎನ್ನಬಹುದು. ಇದರಲ್ಲಿ ಗುಳಿಗೆ, ಇಂಜೆಕ್ಷನ್, ಆಪರೇಶನ್ ಯಾವುದೂ ಇಲ್ಲ. ನಾನು ಬರೆಯುತ್ತಿರುವುದು ಇಷ್ಟರ ಬಗ್ಗೆ ಮಾತ್ರ. ಔಷಧ, ಶಸ್ತ್ರಚಿಕಿತ್ಸೆಯ ಪ್ರಶ್ನೆ ಬೇರೆ. ಅದು ವೈದ್ಯರಿಗೆ, ನ್ಯಾಯಾಲಯಕ್ಕೆ ಬಿಟ್ಟದ್ದು.

ಇಲ್ಲಿ ಭಾಷೆಯ ಒಂದು ಮಾತು ಹೇಳಬೇಕು. ನಮ್ಮ ಮನೆಯ ಭಾಷೆ ಉರ್ದು. ಪುಸ್ತಕದ ಉರ್ದುವಿನಲ್ಲಿ ‘ನಾನು ಹೋಗುತ್ತೇನೆ’ ಎಂದು ಹೇಳಲು ಹುಡುಗ ‘ಜಾತಾ ಹೂಂ’ ಎನ್ನಬೇಕು, ಹುಡುಗಿ ‘ಜಾತೀ ಹೂಂ’ ಎನ್ನಬೇಕು. ಬಾಯಿ ತೆರೆದರೆ ಸಾಕು, ಗಂಡೋ ಹೆಣ್ಣೋ ಹೇಳಿಯೇ ಮುಂದೆ ಹೋಗಬೇಕು. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಮುಗಿಯಿತು. ಅಷ್ಟೇ ಅಲ್ಲ, ಕನ್ನಡದಲ್ಲಿ ‘ಮಗು’ ಎಂಬ ಶಬ್ದವೇ ನಪುಂಸಕಲಿಂಗ. ಮಗು ಅಳುತ್ತದೆ, ಮಗು ಆಡುತ್ತದೆ. ಕನ್ನಡ ವ್ಯಾಕರಣ ಕೆಲವು ವರ್ಷ ಕಾಯುತ್ತದೆ ಎಂದು ನನಗೆ ಅನ್ನಿಸುವುದುಂಟು.

ಈ ವಿಷಯ ತೆಗೆದರೆ ಬರುವ ಮೊದಲ ಮಾತು ‘ಇದೆಲ್ಲ ಅಮೆರಿಕದ ಫ್ಯಾಷನ್, ಮೊಬೈಲಿನಿಂದ ಬಂದದ್ದು’ ಎಂಬುದು. ನಮ್ಮ ಭಾಗದಲ್ಲಿ ಹುಟ್ಟಿ ಬೆಳೆದವರು ಈ ಮಾತು ಆಡುವಂತಿಲ್ಲ. ಮರೋಳದಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಸೀರೆ ಉಟ್ಟು, ಭಂಡಾರ ಹಚ್ಚಿಕೊಂಡು, ತಲೆಯ ಮೇಲೆ ದೇವಿಯ ಕೊಡ ಹೊತ್ತು, ಚೌಡಿಕೆಯ ದನಿಗೆ ಹಾಡುವ ಜೋಗಪ್ಪಗಳನ್ನೂ ನೋಡಿದ್ದೇವೆ. ಅವರು ಯಾರು? ಗಂಡುಮಕ್ಕಳಾಗಿ ಹುಟ್ಟಿ, ಒಂದು ದಿನ ಹೆಸರು, ಉಡುಪು, ಸಂಬೋಧನೆ ಎಲ್ಲವೂ ಬದಲಾದವರು. ಸಾಮಾಜಿಕ ಪರಿವರ್ತನೆ ಎಂಬ ಹೆಸರು ಹೊಸದು, ಕೆಲಸ ಹಳೆಯದು. ಆದ್ದರಿಂದ ಅಮೆರಿಕಕ್ಕೆ ಹೋಗುವ ಮೊದಲು ನಮ್ಮ ಪಕ್ಕದಲ್ಲೇ ನಡೆದ ಒಂದು ಜೀವನವನ್ನು ನೋಡೋಣ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಗುವಿಗೆ ಮನೆಯವರು ಮಂಜುನಾಥ ಎಂದು ಹೆಸರಿಟ್ಟರು. ಹದಿಹರೆಯಕ್ಕೆ ಬರುವಷ್ಟರಲ್ಲಿ ತಾನು ಹೆಣ್ಣು ಎಂದು ಆ ಮಗುವಿಗೆ ಗಟ್ಟಿಯಾಗಿ ಅನ್ನಿಸಿತ್ತು. ಮನೆಯವರಿಗೆ ದಿಕ್ಕು ತೋಚಲಿಲ್ಲ. 1975ರಲ್ಲಿ ಹುಲಿಗೆಮ್ಮನ ಗುಡಿಗೆ ಕರೆದೊಯ್ದರು. ಹುಲಿಗಿ ನಮಗೆ ದೂರವಲ್ಲ. ಇಳಕಲ್ಲಿನಿಂದ ಕುಷ್ಟಗಿ ದಾಟಿ ಹೋದರೆ ಹೊಸಪೇಟೆಗಿಂತ ಸ್ವಲ್ಪ ಮೊದಲು ಸಿಗುತ್ತದೆ. ಅಲ್ಲಿ ಉಡುದಾರ ಹರಿದು, ಹುಡುಗನ ಬಟ್ಟೆ ತೆಗೆಸಿ, ಹೆಣ್ಣಿನ ಉಡುಪು, ಬಳೆ ತೊಡಿಸಿ ಮುತ್ತು ಕಟ್ಟಿಸಿದರು. ಮುತ್ತು ಕಟ್ಟುವುದು ಎಂದರೆ ದೇವಿಯ ಹೆಸರಿನ ಮಣಿಸರ ಕೊರಳಿಗೆ ಹಾಕುವುದು. ದೇವಿಗೆ ಮದುವೆಯಾದ ಹಾಗೆ, ಜೀವ ಇರುವವರೆಗಿನ ಬಂಧ ಎಂಬುದು ಆ ಸಂಪ್ರದಾಯದ ನಂಬಿಕೆ. ಅಂದು ಮಗ ಹೋದ ಎಂದು ತಾಯಿ ಅತ್ತದ್ದನ್ನು ಮಂಜಮ್ಮ ಜೋಗತಿ ಅವರು ಮುಂದೆ ಹೇಳಿಕೊಂಡಿದ್ದಾರೆ.

ಆಮೇಲೆ ಆದದ್ದು ಮುಖ್ಯ. ಮನೆ ಉಳಿಯಲಿಲ್ಲ. ಭಿಕ್ಷೆ ಬೇಡಿದರು, ಹಲ್ಲೆಗೆ ಒಳಗಾದರು, ಒಮ್ಮೆ ಜೀವವನ್ನೇ ಕಳೆದುಕೊಳ್ಳಲು ಹೋದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಜೋಗತಿ ಕುಣಿತ ಕಂಡು ಅದನ್ನು ಕಲಿತರು, ಕಾಳವ್ವ ಜೋಗತಿಯವರ ತಂಡ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಅವರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ರಾಷ್ಟ್ರಪತಿಯವರಿಗೆ ದೃಷ್ಟಿ ತೆಗೆದ ವಿಡಿಯೊ ನಮ್ಮಲ್ಲಿ ಬಹಳ ಜನ ನೋಡಿದ್ದೇವೆ.

ಭಾಷಣಗಳಲ್ಲಿ ಈ ಕಥೆಯನ್ನು ಪದ್ಮಶ್ರೀಯ ಕಡೆಯಿಂದ ಹೇಳುತ್ತಾರೆ. ‘ನೋಡಿ, ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು.’ ನನಗೆ ಈ ಓದು ಒಪ್ಪಿಗೆಯಿಲ್ಲ. ಮೇಲೆ ಬಂದದ್ದು ಅವರ ಶಕ್ತಿ. ಮನೆಯಿಂದ ಹೊರಗೆ ಬಿದ್ದದ್ದು ಸಮಾಜದ ಲೆಕ್ಕ. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಬಾರದು. ಹಾಗೆ ಹೊರಗೆ ಬಿದ್ದ ಎಷ್ಟೋ ಮಕ್ಕಳ ಹೆಸರು ನಮಗೆ ಗೊತ್ತೇ ಆಗಿಲ್ಲ.

ಜೋಗಪ್ಪ ಸಂಪ್ರದಾಯವನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅದು ಅಂಥ ಮಗುವಿಗೆ ಒಂದು ಹೆಸರು ಕೊಟ್ಟಿತು, ಒಂದು ಕಲೆ ಕೊಟ್ಟಿತು, ಜೊತೆಗೆ ಇರುವ ಜನರನ್ನು ಕೊಟ್ಟಿತು. ಬೇರೆ ಯಾರೂ ಏನೂ ಕೊಡದಿದ್ದಾಗ ಕೊಟ್ಟಿತು. ಆದರೆ ನೀತಿಯ ದೃಷ್ಟಿಯಿಂದ ನೋಡಿದಾಗ ನನಗೆ ಕಾಣುವ ತೊಂದರೆ ಬೇರೆ. ಮಗುವಿನ ನಡೆನುಡಿಯಲ್ಲಿ ಕಂಡದ್ದನ್ನು ದೊಡ್ಡವರು ದೇವಿಯ ಕುರುಹು ಎಂದು ಓದಿದರು. ಓದಿದವರು ದೊಡ್ಡವರು, ಕಟ್ಟಿದವರು ದೊಡ್ಡವರು. ಕಟ್ಟಿದ್ದು ಒಂದೇ ದಿನದಲ್ಲಿ, ಇಡೀ ಜೀವನಕ್ಕೆ. ಐದು ವರ್ಷದ ಮೇಲೆ ಆ ಮಗುವಿಗೆ ‘ಇದು ನನ್ನದಲ್ಲ’ ಅನ್ನಿಸಿದರೆ ತಿರುಗಿ ಬರುವ ಹಾದಿ ಎಲ್ಲಿದೆ? ಮಂಜಮ್ಮನವರಿಗೆ ಹಾಗೆ ಅನ್ನಿಸಲಿಲ್ಲ, ಅವರು ತಮ್ಮನ್ನು ತಾವು ಸರಿಯಾಗಿಯೇ ಅರಿತಿದ್ದರು. ಆದರೂ ಹೆಣ್ಣಾಗಿ ಬದುಕುವುದಕ್ಕೆ ಮನೆಯನ್ನೇ ಬೆಲೆಯಾಗಿ ಕೊಡಬೇಕಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಮ್ಮ ರಾಜ್ಯ ಒಮ್ಮೆ ಕೇಳಿಕೊಂಡಿದೆ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕದ 1982ರ ಕಾಯಿದೆ ನಿಷೇಧಿಸಿತು. ಹೆಣ್ಣು ಒಪ್ಪಿದ್ದರೂ ಒಪ್ಪದಿದ್ದರೂ ಸಮರ್ಪಣೆ ಕಾನೂನುಬಾಹಿರ ಎಂದು ಅದು ಹೇಳಿತು. ಮಗುವಿನ ಇಡೀ ಬದುಕನ್ನು ದೊಡ್ಡವರು ಒಂದು ದಿನದಲ್ಲಿ ಬರೆದು ಮುಗಿಸಬಾರದು ಎಂಬ ತತ್ವ ಅದರಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಈಗ ನಮ್ಮ ಮನೆಗಳ ಕಡೆ ಬರೋಣ, ಬೇರೆಯವರ ಆಚಾರದ ಬಗ್ಗೆ ಮಾತಾಡಿ ಸುಮ್ಮನಾಗುವುದು ಸರಿಯಲ್ಲ. ಮಗು ಹುಟ್ಟಿದಾಗ ಹಿಜಡಾಗಳು ಬಂದು ದುವಾ ಕೊಟ್ಟು ಹೋಗುತ್ತಾರೆ, ನಾವು ಅಕ್ಕಿ, ದುಡ್ಡು ಕೊಡುತ್ತೇವೆ. ಅವರು ಎಲ್ಲಿಂದ ಬರುತ್ತಾರೆ ಎಂದು ನಾನು ದಾದಿಯನ್ನು ಕೇಳಿದ್ದೆ. “ಮನೆಯವರು ಬಿಟ್ಟಿರ್ತಾರ ಬೇಟಾ” ಎಂದರು, ಅಷ್ಟೇ. ಅಂಥ ಮಗು ನಮ್ಮಲ್ಲಿ ಹುಟ್ಟಿದರೆ ಗುಡ್ಡಕ್ಕೆ ಕರೆದೊಯ್ಯುವುದಿಲ್ಲ ನಿಜ. ತಾಯತ ಕಟ್ಟಿಸುತ್ತೇವೆ, ಯಾರದೋ ಹತ್ತಿರ ಊದಿಸಿಕೊಂಡು ಬರುತ್ತೇವೆ, ಹೊಡೆಯುತ್ತೇವೆ, ಕೊನೆಗೆ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎನ್ನುತ್ತೇವೆ. ಒಂದು ಕಡೆ ಮುತ್ತು, ಇನ್ನೊಂದು ಕಡೆ ತಾಯತ. ಎರಡೂ ಕಡೆ ಮಗುವನ್ನು ಕೂರಿಸಿಕೊಂಡು ‘ನಿನಗೆ ಏನು ಅನ್ನಿಸುತ್ತದೆ’ ಎಂದು ಕೇಳಿದವರಿಲ್ಲ.

ದೀನಿನ ಪ್ರಶ್ನೆಯನ್ನು ಬಿಟ್ಟು ನಮ್ಮ ಕಾಲೇಜಿನಲ್ಲಿ ಈ ಚರ್ಚೆ ಮುಂದೆ ಹೋಗುವುದಿಲ್ಲ. ಫತ್ವಾ ಕೊಡುವುದು ಉಲಮಾಗಳ ಕೆಲಸ, ನಾನು ಓದಿ ತಿಳಿದಿದ್ದನ್ನಷ್ಟೇ ಬರೆಯುತ್ತೇನೆ. ಫಿಕ್ಹ್ ಗ್ರಂಥಗಳಲ್ಲಿ ‘ಖುನ್ಸಾ’ ಎಂಬ ಅಧ್ಯಾಯವೇ ಇದೆ. ದೇಹದಿಂದ ಗಂಡೋ ಹೆಣ್ಣೋ ಸ್ಪಷ್ಟವಾಗದ ವ್ಯಕ್ತಿ ಖುನ್ಸಾ. ಬಾಲಿಗ್ ಆದ ಮೇಲೂ ಸ್ಪಷ್ಟವಾಗದಿದ್ದರೆ ಖುನ್ಸಾ ಮುಷ್ಕಿಲ್. ಕಾಮರ್ಸ್ ಓದುವ ನನಗೆ ಇದರಲ್ಲಿ ಹಿಡಿಸಿದ್ದು ಆಸ್ತಿಯ ಲೆಕ್ಕ. ಗಂಡುಮಗನ ಪಾಲು ಒಂದು, ಹೆಣ್ಣುಮಗಳ ಪಾಲು ಇನ್ನೊಂದು ಆಗಿರುವಾಗ ಈ ಮಗುವಿಗೆ ಎಷ್ಟು? ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಎರಡೂ ರೀತಿ ಲೆಕ್ಕ ಹಾಕಿ ಕಡಿಮೆ ಬಂದದ್ದನ್ನು ಕೊಡಬೇಕು. ಮಾಲಿಕಿ ಫಕೀಹರು ಎರಡರ ಅರ್ಧ ಅರ್ಧ ಸೇರಿಸಿ ಕೊಡಿ ಎಂದರು. ಭಟ್ಕಳದ ಕಡೆಯವರು ಅನುಸರಿಸುವ ಶಾಫಿಈ ಮಜ್ಹಬಿನಲ್ಲಿ ಖಚಿತವಾದಷ್ಟು ಕೊಟ್ಟು, ಸಂಶಯ ಇರುವ ಭಾಗವನ್ನು ಸ್ಪಷ್ಟವಾಗುವವರೆಗೆ ಬದಿಗೆ ಇಡಬೇಕು. ನಮ್ಮ ಸಸ್ಪೆನ್ಸ್ ಖಾತೆ ನೆನಪಾಗುವುದಿಲ್ಲವೇ?

ಪಾಲು ಹೆಚ್ಚೋ ಕಡಿಮೆಯೋ ಎಂಬ ವಾದ ಹಾಗಿರಲಿ. ಮೂರೂ ಕಡೆ ಆ ಮಗು ಮನೆಯ ವಾರಸುದಾರ. ಜಮಾಅತಿನಲ್ಲಿ ಗಂಡಸರ ಸಾಲು ಮತ್ತು ಹೆಂಗಸರ ಸಾಲಿನ ನಡುವೆ ಅವರಿಗೆ ಜಾಗವನ್ನೂ ಹನಫಿ ಗ್ರಂಥಗಳು ಗುರುತಿಸಿವೆ. ಮನೆಯಿಂದ, ಮಸೀದಿಯಿಂದ ಹೊರಗೆ ಕಳಿಸಿ ಎಂದು ಬರೆದಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ನಾನು ಮೊದಲಿಗೆ ಹೇಳಿದ ಮಗುವಿನ ದೇಹದಲ್ಲಿ ಯಾವ ಅಸ್ಪಷ್ಟತೆಯೂ ಇರಲಿಕ್ಕಿಲ್ಲ, ಪ್ರಶ್ನೆ ಇರುವುದು ಅದರ ಮನಸ್ಸಿನಲ್ಲಿ. ಆದ್ದರಿಂದ ಖುನ್ಸಾ ನಿಯಮವನ್ನು ನೇರವಾಗಿ ತಂದು ಅಂಟಿಸಲು ಬರುವುದಿಲ್ಲ. ಹೆಣ್ಣನ್ನು ಅನುಕರಿಸುವ ಗಂಡಸರ, ಗಂಡನ್ನು ಅನುಕರಿಸುವ ಹೆಂಗಸರ ವಿರುದ್ಧ ಹದೀಸ್ ಇದೆ, ಅದನ್ನು ನಮ್ಮ ಗುರುಗಳು ನೆನಪಿಸುತ್ತಾರೆ. ಇಮಾಮ್ ನವವಿಯವರು ಇಲ್ಲಿ ಒಂದು ಭೇದ ಮಾಡಿದ್ದಾರೆ: ಬೇಕೆಂದೇ ವೇಷ ಹಾಕುವವರು ಬೇರೆ, ಹುಟ್ಟಿನಿಂದಲೇ ನಡೆನುಡಿ ಹಾಗಿರುವವರು ಬೇರೆ, ಎರಡನೆಯವರ ಮೇಲೆ ದೋಷವಿಲ್ಲ, ಅದನ್ನು ಅವರು ತಂದುಕೊಂಡದ್ದಲ್ಲ. ಇಬ್ನ್ ಹಜರ್ ಅವರು, ಅಂಥವರೂ ನಿಧಾನವಾಗಿ ಬಿಡಲು ಯತ್ನಿಸಬೇಕು ಎಂದರು. ಹೊಸ ಕಾಲದಲ್ಲೂ ಒಮ್ಮತವಿಲ್ಲ. ಇರಾನಿನಲ್ಲಿ ಖೊಮೇನಿಯವರ ಫತ್ವಾ ಲಿಂಗಪರಿವರ್ತನೆಗೆ ದಾರಿ ಮಾಡಿತು. ಪಾಕಿಸ್ತಾನದ ಸಂಸತ್ತು 2018ರಲ್ಲಿ ಟ್ರಾನ್ಸ್‌ಜೆಂಡರ್ ಕಾಯಿದೆ ಮಾಡಿತು, 2023ರಲ್ಲಿ ಅಲ್ಲಿನ ಫೆಡರಲ್ ಶರೀಅತ್ ನ್ಯಾಯಾಲಯ ಅದರ ಮುಖ್ಯ ಕಲಂಗಳು ಶರೀಅತ್‌ಗೆ ವಿರುದ್ಧ ಎಂದಿತು. ಉಲಮಾಗಳು ಇನ್ನೂ ಚರ್ಚಿಸಲಿ. ಆದರೆ ಯಾರನ್ನೂ ಗೇಲಿ ಮಾಡಬಾರದು, ಕೆಟ್ಟ ಅಡ್ಡಹೆಸರಿನಿಂದ ಕರೆಯಬಾರದು ಎಂಬ ಸೂರಾ ಹುಜುರಾತ್‌ನ ಆಜ್ಞೆಯಲ್ಲಿ ಯಾವ ಮಜ್ಹಬಿಗೂ ಭಿನ್ನಾಭಿಪ್ರಾಯವಿಲ್ಲ. ‘ಚಕ್ಕಾ’, ‘ಖೋಜಾ’, ‘ಹೆಣ್ಣಿಗ’ ಎಂಬ ಮಾತುಗಳು ಯಾವ ಕಾರಿಡಾರಿನಲ್ಲಿ ಎಷ್ಟು ಸಲ ಕೇಳುತ್ತವೆ ಎಂದು ನಮಗೆಲ್ಲ ಗೊತ್ತು.

ಸಂಶೋಧನೆ ಏನು ಹೇಳುತ್ತದೆ? ಹೊರದೇಶಗಳಲ್ಲಿ ಎರಡು ದಿಕ್ಕಿನ ವಾದ ಜೋರಾಗಿದೆ. ಅಮೆರಿಕದಲ್ಲಿ ಕ್ರಿಸ್ಟಿನಾ ಓಲ್ಸನ್ ಎಂಬ ಮನೋವಿಜ್ಞಾನಿಯ ತಂಡ, ಚಿಕ್ಕ ವಯಸ್ಸಿನಲ್ಲೇ ಹೆಸರು, ಉಡುಪು ಬದಲಿಸಿಕೊಂಡ 317 ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2022ರಲ್ಲಿ ವರದಿ ಪ್ರಕಟಿಸಿತು. ಬದಲಾವಣೆ ಮಾಡಿಕೊಂಡು ಸರಾಸರಿ 5 ವರ್ಷ ಕಳೆದ ಮೇಲೆ ಶೇ. 94ರಷ್ಟು ಮಕ್ಕಳು ಅದೇ ಗುರುತಿನಲ್ಲಿದ್ದರು. ಶೇ. 2.5 ಮಕ್ಕಳು ಹುಟ್ಟಿದಾಗಿನ ಗುರುತಿಗೆ ಮರಳಿದ್ದರು, ಉಳಿದ ಶೇ. 3.5 ಮಕ್ಕಳು ಗಂಡು, ಹೆಣ್ಣು ಎಂಬ ಎರಡರಲ್ಲೂ ಪೂರ್ತಿ ಸೇರುವುದಿಲ್ಲ ಎಂದರು. ‘ನೋಡಿ, ಮಕ್ಕಳಿಗೆ ತಮ್ಮ ಬಗ್ಗೆ ಗೊತ್ತಿರುತ್ತದೆ’ ಎಂದು ಒಂದು ಪಕ್ಷ ಹೇಳಿತು. ‘ಎಲ್ಲರೂ ಹಾಗೇ ಕರೆಯತೊಡಗಿದ್ದರಿಂದ ಮಕ್ಕಳು ಅಲ್ಲೇ ನಿಂತರು’ ಎಂದು ಇನ್ನೊಂದು ಪಕ್ಷ ಹೇಳಿತು. ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧದ ಪಾಠ ಓದಿದವರಿಗೆ ಈ ಜಗಳ ಅರ್ಥವಾಗುತ್ತದೆ: ಎರಡು ಸಂಗತಿ ಜೊತೆಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಆ 317 ಮಕ್ಕಳ ತಂದೆತಾಯಿ ಮಕ್ಕಳ ಬೆನ್ನಿಗೆ ನಿಂತವರು ಎಂಬುದನ್ನೂ ಮರೆಯಬಾರದು.

ಬ್ರಿಟನ್ನಿನಲ್ಲಿ ಡಾ. ಹಿಲರಿ ಕ್ಯಾಸ್ ಎಂಬ ಮಕ್ಕಳ ತಜ್ಞೆಯ ಸಮಿತಿ 2024ರ ಏಪ್ರಿಲ್‌ನಲ್ಲಿ ಅಂತಿಮ ವರದಿ ಕೊಟ್ಟಿತು. ಲಾಭವೋ ಹಾನಿಯೋ ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ; ಇದನ್ನು ಏನೂ ಅಲ್ಲದ ಸಣ್ಣ ಸಂಗತಿ ಎಂದು ತಿಳಿಯಬೇಡಿ; ಪ್ರೌಢಾವಸ್ಥೆಗೆ ಬಾರದ ಮಕ್ಕಳ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು, ಬೇಗ ತಜ್ಞರನ್ನು ಕಾಣಿ, ತಂದೆತಾಯಿ ಜೊತೆಗಿರಲಿ, ಹಾದಿಗಳು ತೆರೆದಿರಲಿ ಎಂಬುದು ಅದರ ಸಲಹೆಯ ಸಾರ. ಈ ವರದಿಯನ್ನು ಟೀಕಿಸಿದವರೂ ಇದ್ದಾರೆ.

ಎರಡನ್ನೂ ಓದಿದಾಗ ನನಗೆ ಹೊಳೆದ ಉತ್ತರ ಇದ್ದದ್ದು ನಮ್ಮ ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ. ಪಾಲುಗಾರಿಕೆಯ ಪಾಠ ನೆನಪಿಸಿಕೊಳ್ಳಿ. 18 ತುಂಬದವರು ಪಾಲುದಾರರಾಗಲು ಬರುವುದಿಲ್ಲ. ಆದರೆ ಉಳಿದ ಪಾಲುದಾರರೆಲ್ಲ ಒಪ್ಪಿದರೆ 1932ರ ಪಾಲುಗಾರಿಕೆ ಕಾಯಿದೆಯ 30ನೇ ಕಲಂ ಪ್ರಕಾರ ಅಪ್ರಾಪ್ತರನ್ನು ಸಂಸ್ಥೆಯ ಲಾಭಕ್ಕೆ ಸೇರಿಸಿಕೊಳ್ಳಬಹುದು. ಲಾಭದಲ್ಲಿ ಪಾಲು ಉಂಟು, ಲೆಕ್ಕಪತ್ರ ನೋಡುವ ಹಕ್ಕು ಉಂಟು, ಆದರೆ ಸಂಸ್ಥೆಯ ಸಾಲಕ್ಕೆ ಅವರ ಸ್ವಂತ ಆಸ್ತಿಯನ್ನು ಮುಟ್ಟುವಂತಿಲ್ಲ. ವಯಸ್ಸಿಗೆ ಬಂದ ಮೇಲೆ 6 ತಿಂಗಳು ಸಮಯ, ‘ನಾನು ಪಾಲುದಾರ ಆಗುತ್ತೇನೆ’ ಅಥವಾ ‘ಆಗುವುದಿಲ್ಲ’ ಎಂದು ಅವರೇ ಹೇಳಬೇಕು.

ಮಗುವಿನ ಹೆಸರು, ಉಡುಪಿನ ವಿಷಯವನ್ನು ಹೀಗೇ ನೋಡಬಾರದೇಕೆ? ಈಗ ಬೇಕಾದ ನೆಮ್ಮದಿ ಮಗುವಿಗೆ ಸಿಗಲಿ. ಇಡೀ ಜೀವನದ ಹೊಣೆ ಈಗಲೇ ಅದರ ತಲೆಯ ಮೇಲೆ ಬೇಡ. ದೊಡ್ಡವರಾದ ಮೇಲೆ ಅವರೇ ಹೇಳಲಿ. ಮನೆಯಲ್ಲಿ ಮಗು ಇಷ್ಟಪಟ್ಟ ಹೆಸರಿನಿಂದ ಕರೆಯುವುದರಿಂದ ಯಾವ ದಾಖಲೆಯೂ ಬದಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಆಧಾರ್ ಕಾರ್ಡಿನ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಇರುವುದು ಹೊಸದೇನೂ ಅಲ್ಲ. ಕೂದಲು ಮತ್ತೆ ಬೆಳೆಯುತ್ತದೆ, ಅಂಗಿ ಬದಲಿಸಬಹುದು. ಚಿಕ್ಕ ಹೆಜ್ಜೆ ಇಟ್ಟು ಒಂದಷ್ಟು ದಿನ ನೋಡುವುದು, ಮಗುವನ್ನು ಆಗಾಗ ಕೇಳುವುದು, ಅದು ಬೇರೆ ಮಾತು ಹೇಳಿದರೆ ‘ಅಂದು ಹಾಗೆ ಹೇಳಿದ್ದೆಯಲ್ಲ’ ಎಂದು ಹಂಗಿಸದಿರುವುದು. ನನ್ನ ದೃಷ್ಟಿಯಲ್ಲಿ ಸರಿಯಾದ ಹೆಜ್ಜೆ ಎಂದರೆ ತಿರುಗಿ ಬರಲು ಸಾಧ್ಯವಿರುವ ಹೆಜ್ಜೆ. ಇದೇ ಕಾರಣಕ್ಕೆ ಅಂಥ ಮಗುವಿನ ವಿಡಿಯೊ ಮಾಡಿ ಸ್ಟೇಟಸ್‌ಗೆ, ರೀಲ್ಸ್‌ಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ, ಅದನ್ನು ಹಾಕುವವರು ಮೆಚ್ಚುವವರಾದರೂ ಸರಿಯೇ. ಹಳೆಯ ಕಾಲದ ಮುತ್ತನ್ನಾದರೂ ಬಿಚ್ಚಬಹುದಿತ್ತೇನೋ, ಊರೆಲ್ಲ ಹರಿದಾಡಿದ ವಿಡಿಯೊವನ್ನು ಬಿಚ್ಚಲು ಬರುವುದಿಲ್ಲ.

‘ಹಾಗಾದರೆ 18 ಆಗುವವರೆಗೆ ಏನೂ ಮಾಡದೆ ಕಾಯುವುದೇ ಒಳ್ಳೆಯದಲ್ಲವೇ’ ಎಂದು ಕೇಳಬಹುದು. ಏನೂ ಮಾಡದೆ ಇರುವುದೂ ಒಂದು ನಿರ್ಧಾರ, ಅದರ ಖರ್ಚನ್ನು ಮಗುವೇ ಕೊಡುತ್ತದೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ‘ಇತರೆ’ ಎಂಬ ಅಂಕಿ ಬೇರೆಯಾಗಿ ಬಂತು: ದೇಶದಲ್ಲಿ 4,87,803 ಜನ. ದೇಶದ ಸಾಕ್ಷರತೆ ಶೇ. 74 ಇದ್ದಾಗ ಇವರದು ಶೇ. 56. ಆ ಲೆಕ್ಕದಲ್ಲಿ 6 ವರ್ಷದೊಳಗಿನ 54,854 ಮಕ್ಕಳೂ ಇದ್ದರು, ಅವರ ಪರವಾಗಿ ಬರೆಸಿದವರು ದೊಡ್ಡವರೇ. 56 ಮತ್ತು 74ರ ನಡುವೆ ಎಷ್ಟೋ ಮಕ್ಕಳ ಬಿಟ್ಟುಹೋದ ಶಾಲೆ ಇದೆ.

ಹೈಸ್ಕೂಲಿನಲ್ಲಿ ನಮ್ಮ ತರಗತಿಯಲ್ಲಿ ಒಬ್ಬನಿದ್ದ. ಯಾವ ಶಾಲೆ ಎಂದು ಬರೆಯುವುದಿಲ್ಲ, ಅವನನ್ನು ಗುರುತಿಸುವುದು ನನ್ನ ಉದ್ದೇಶವಲ್ಲ. ಅವನು ‘ನಾನು ಹುಡುಗಿ’ ಎಂದು ಯಾರಿಗೂ ಹೇಳಿದ್ದು ನನಗೆ ಗೊತ್ತಿಲ್ಲ, ಬೇರೆ ಹೆಸರನ್ನೂ ಕೇಳಿರಲಿಲ್ಲ. ದನಿ ಮೆದು, ನಡಿಗೆ ಬೇರೆ, ಅಷ್ಟೇ. ಬಡ್ಡಿ ಲೆಕ್ಕವನ್ನು ನಮಗಿಂತ ಬೇಗ ಬಿಡಿಸುತ್ತಿದ್ದ. ಹುಡುಗರ ಮೂತ್ರಾಲಯದಲ್ಲಿ ಅವನನ್ನು ಸುತ್ತುಗಟ್ಟುತ್ತಿದ್ದರು, ಆದ್ದರಿಂದ ಮಧ್ಯಾಹ್ನ ಮನೆಗೆ ಹೋಗುತ್ತಿದ್ದ, ಬಹಳ ದಿನ ತಿರುಗಿ ಬರುತ್ತಿರಲಿಲ್ಲ. ಹಾಜರಿ ಕಡಿಮೆ ಆಯಿತು. ಹಾಜರಿ ಯಾಕೆ ಕಡಿಮೆ ಎಂದು ಅವನನ್ನು ಬೈದರು, ಮೂತ್ರಾಲಯದ ವಿಷಯ ಕೇಳಲಿಲ್ಲ. ಒಂಬತ್ತನೇ ತರಗತಿಯ ನಂತರ ಬರಲಿಲ್ಲ. ಪುಣೆ ಕಡೆ ಹೋಟೆಲ್ ಕೆಲಸಕ್ಕೆ ಹೋದ ಎಂದು ಕೇಳಿದೆ. ಅವನಿಗೆ ಬೇಕಾಗಿದ್ದದ್ದು ಲಿಂಗತ್ವದ ಬಗ್ಗೆ ಯಾವ ತೀರ್ಪೂ ಅಲ್ಲ. ಹೆದರದೆ ಹೋಗಿ ಬರುವ ಒಂದು ಮೂತ್ರಾಲಯ. ಈ ಚರ್ಚೆಯಲ್ಲಿ ‘ಹೆಸರು ಬದಲಿಸಬೇಕೋ ಬೇಡವೋ’ ಎಂದು ನಾವು ವಾದ ಮಾಡುತ್ತಿರುವಾಗ ಇಂಥ ಮಕ್ಕಳು ಎರಡೂ ಪಕ್ಷದ ಕಣ್ಣಿಗೆ ಬೀಳುವುದಿಲ್ಲ.

ಕಾನೂನು ಈ ಕಡೆ ಸ್ವಲ್ಪ ನೋಡಿದೆ. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯ ವ್ಯಾಖ್ಯೆಯಲ್ಲಿ ಹಿಜಡಾ, ಕಿನ್ನರ್ ಜೊತೆಗೆ ನಮ್ಮ ಭಾಗದ ‘ಜೋಗತಾ’ ಶಬ್ದವೂ ಇದೆ. ಆ ಕಾಯಿದೆ ಹೇಳಿದ ಎರಡು ಮಾತು ಮಕ್ಕಳಿಗೆ ಸಂಬಂಧಿಸಿದವು. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಯಾವ ಮಗುವನ್ನೂ ತಂದೆತಾಯಿಯಿಂದ ಬೇರೆ ಮಾಡಬಾರದು, ಮಾಡಲೇಬೇಕಾದರೆ ಮಗುವಿನ ಹಿತಕ್ಕಾಗಿ ನ್ಯಾಯಾಲಯದ ಆದೇಶ ಬೇಕು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಪ್ರತಿ ಶಿಕ್ಷಣ ಸಂಸ್ಥೆ ಇವರಿಗೆ ತಾರತಮ್ಯವಿಲ್ಲದೆ ಶಿಕ್ಷಣ ಕೊಡಬೇಕು. ಅಪ್ರಾಪ್ತರ ಗುರುತಿನ ಪ್ರಮಾಣಪತ್ರಕ್ಕೆ ತಂದೆತಾಯಿ ಅಥವಾ ಪೋಷಕರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು ಎಂದೂ ಅದರಲ್ಲಿತ್ತು. ಬಲವಂತವಾಗಿ ‘ಸರಿಮಾಡುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರ ವೃತ್ತಿಪರ ದುರ್ನಡತೆ ಎಂದು ಸಾರಿತು. ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಆದರೆ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವರು ಆ ನೌಕರಿಗೆ ಅರ್ಜಿ ಹಾಕುವುದು ಹೇಗೆ?

ಶಾಲೆಗಳು ಏನು ಮಾಡಬೇಕು ಎಂದು ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ 2021ರಲ್ಲಿ ಒಂದು ಕೈಪಿಡಿ ಪ್ರಕಟಿಸಿತ್ತು. ಮೂತ್ರಾಲಯ, ಸಮವಸ್ತ್ರದ ಮಾತು ಅದರಲ್ಲಿತ್ತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತಿದ ಕೆಲವೇ ದಿನಗಳಲ್ಲಿ ಅದನ್ನು ಜಾಲತಾಣದಿಂದ ತೆಗೆದರು. ಸಮವಸ್ತ್ರ ಎಂದ ಕೂಡಲೇ ನಮ್ಮಂಥ ಕಾಲೇಜಿನಲ್ಲಿ ಎಲ್ಲರಿಗೂ 2022 ನೆನಪಾಗುತ್ತದೆ. ಹಿಜಾಬಿನ ಪ್ರಶ್ನೆ ಮತ್ತು ಇದು ಒಂದೇ ಅಲ್ಲ, ಬೆರೆಸುವುದೂ ಬೇಡ. ಆದರೆ ಮೈಮೇಲಿನ ಒಂದು ಬಟ್ಟೆಯ ಕಾರಣಕ್ಕೆ ಗೇಟಿನ ಹೊರಗೆ ನಿಲ್ಲುವುದು, ಪರೀಕ್ಷೆ ತಪ್ಪುವುದು ಏನೆಂದು ನಮ್ಮ ಅಕ್ಕಂದಿರಿಗೆ ಗೊತ್ತಿದೆ. ಅದನ್ನು ಕಂಡ ನಾವು ಇನ್ನೊಂದು ಮಗುವನ್ನು ಗೇಟಿನ ಹೊರಗೆ ನಿಲ್ಲಿಸುವ ಮೊದಲು ಎರಡು ಸಲ ಯೋಚಿಸುತ್ತೇವೆ ಎಂದುಕೊಂಡಿದ್ದೇನೆ.

ನಮ್ಮ ವಿದ್ಯಾರ್ಥಿ ಸಂಘದ ಮುಂದೆ ನಾನು ಎರಡು ಕೋರಿಕೆ ಇಡುತ್ತಿದ್ದೇನೆ. ಸಿಬ್ಬಂದಿ ಕೋಣೆಯ ಬದಿಗೆ ಬೀಗ ಹಾಕಿರುವ ಒಂಟಿ ಶೌಚಾಲಯವನ್ನು ತೆರೆದು, ಕಾರಣ ಕೇಳದೆ ಯಾವ ವಿದ್ಯಾರ್ಥಿಗಾದರೂ ಅದರ ಕೀಲಿಕೈ ಕೊಡಬೇಕು. ಮೂರು ತಿಂಗಳು ಗೈರಾದ ವಿದ್ಯಾರ್ಥಿಯ ಹೆಸರು ತೆಗೆಯುವ ಮೊದಲು ಒಬ್ಬ ಉಪನ್ಯಾಸಕರು ಆ ಮನೆಗೆ ಹೋಗಿ, ವಿದ್ಯಾರ್ಥಿಯನ್ನೇ ಒಬ್ಬರನ್ನಾಗಿ ಕೂರಿಸಿ ಮಾತಾಡಿಸಬೇಕು. ಯಾರಾದರೂ ಈಗಲೇ ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.